ಕೂಸಿಗೆ ಬೇಕಾದ ಅಭಯ

ಬೆಜ್ಜಮಹಾದೇವಿಯ ಕಥೆಯನ್ನು ಶರಣಚರಿತ್ರೆಗಳನ್ನೋದಿದ ಭಕ್ತರೆಲ್ಲರೂ ಬಲ್ಲರು. ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿ ಆ ಕಥೆ ಬರುತ್ತದೆ. ಲೋಕದಲ್ಲಿ ಎಲ್ಲರಿಗೂ ತಾಯಿಯಿರಲು ಶಿವನೊಬ್ಬನಿಗೆ ಮಾತ್ರ ತಾಯಿಯಿಲ್ಲವಲ್ಲಾ ಎಂದು ಆ ಮುಗ್ಧಭಕ್ತೆ ಮರುಗಿದಳು. ಅವನಿಗೊಬ್ಬ ತಾಯಿ ಇದ್ದಿದ್ದರೆ ಮಗನು ನಂಜನ್ನು ಬಾಯಿಗಿಡುವುದನ್ನಾಗಲಿ, ಹಾವನ್ನು ಹಿಡಿಯುವುದನ್ನಾಗಲಿ, ಸುಡುಗಾಡಿನಲ್ಲಿ ಅಲೆಯುವುದನ್ನಾಗಲಿ ಕಂಡು ಸುಮ್ಮನಿರುತ್ತಿದ್ದಳೆ ಎಂಬುದು ಅವಳ ಕಳವಳ. ಕಡೆಗೆ ತಾನೇ ತಾಯಾಗಿ, ಶಿವನನ್ನು ಕೂಸಾಗಿ ಪಡೆದು, ಎಣ್ಣೆಯೊತ್ತಿ ನೀರೆರೆದು ಸಲಹಿದಳು.

ಈ ಕಥೆಯಲ್ಲಿ ಭಕ್ತಿಯ ಮಹಿಮೆಯನ್ನು ಕಾಣುವುದು ವಾಡಿಕೆ. ಆದರೆ ಗೃಹಸ್ಥರು ಗಮನಿಸತಕ್ಕ ಇನ್ನೊಂದು ಅಂಶವೂ ಇದರಲ್ಲಿದೆ. ಅವಳು ಮೊದಲು ಎಣಿಸಿದ್ದು ಅಪಾಯಗಳನ್ನು. ಆದರೆ ಅವುಗಳಿಗೆ ಅವಳು ಕಂಡುಕೊಂಡ ಪರಿಹಾರ ಬೇಲಿಯಲ್ಲ, ಬೀಗವಲ್ಲ, ಕಾವಲುಗಾರನೂ ಅಲ್ಲ, ಒಬ್ಬ ತಾಯಿ. ಕೂಸನ್ನು ಕೇಡಿನಿಂದ ಕಾಯುವುದೂ ಕೂಸಿಗೆ ತನ್ನವರೆಂಬವರೊಬ್ಬರು ಇರುವುದೂ ಅವಳ ಎಣಿಕೆಯಲ್ಲಿ ಎರಡಲ್ಲ, ಒಂದೇ. ಮನೆಯ ಹೊರಗೆ, ಅನ್ಯರ ಕೈಯಲ್ಲಿ, ಹಗಲನ್ನು ಕಳೆಯುವ ಎಳೆಯ ಮಕ್ಕಳ ವಿಷಯದಲ್ಲಿ ಈ ತಿಳಿವು ಇಂದು ಬಹಳ ಅವಶ್ಯಕವಾಗಿದೆ.

ಮನೆಯ ಹೊರಗಿನ ತೊಟ್ಟಿಲು

ಹಿಂದೆ ಮನೆಯಲ್ಲಿ ಅಜ್ಜಿಯಿದ್ದಳು, ಚಿಕ್ಕವ್ವ ದೊಡ್ಡವ್ವಂದಿರಿದ್ದರು, ನೆರೆಮನೆಯ ಹೆಣ್ಣುಮಕ್ಕಳಿದ್ದರು. ತಾಯಿ ಹೊಲಕ್ಕೆ ಹೋದರೆ ಕೂಸು ಮತ್ತೊಂದು ಗುರುತಿನ ಮಡಿಲಲ್ಲಿರುತ್ತಿತ್ತು. ಈಗ ಮನೆಗಳು ಚಿಕ್ಕವಾಗಿವೆ. ದುಡಿಮೆ ಊರಿನಿಂದ ಊರಿಗೆ ಒಯ್ಯುತ್ತದೆ. ತಂದೆತಾಯಿಗಳಿಬ್ಬರೂ ದುಡಿಯದೆ ಸಂಸಾರ ಸಾಗದ ಮನೆಗಳು ಎಷ್ಟೋ ಇವೆ. ದುಡಿಯಲು ಹೋಗುವ ತಾಯಿಯನ್ನು ಈ ಕಾರಣಕ್ಕಾಗಿ ಹಳಿಯುವುದು ತರವಲ್ಲ. ಅವಳದೂ ಕಾಯಕವೇ. ವಿಚಾರಿಸಬೇಕಾದ ಪ್ರಶ್ನೆಯೆಂದರೆ, ಅವಳು ಹೋದ ಮೇಲೆ ಕೂಸು ಯಾರ ಮಡಿಲಲ್ಲಿದೆ ಎಂಬುದು.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಅರಸಿದ ಪುಣ್ಯಜೀವಿಗಳು ಹಲವರು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ವಕೀಲಿಯನ್ನು ಬಿಟ್ಟು ಮಕ್ಕಳ ಸೇವೆಗೆ ನಿಂತವರು. ಜನರು ಅವರನ್ನು ಪ್ರೀತಿಯಿಂದ 'ಮೀಸೆಯ ತಾಯಿ' ಎಂದು ಕರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಬೇಕೆಂದು ಅಂಗಳದ ಶಿಶುಶಾಲೆಗಳನ್ನು ನಡೆಯಿಸಿದರು. ಇಂದು ಮನೆಮಾತಾಗಿರುವ 'ಅಂಗನವಾಡಿ' ಎಂಬ ಹೆಸರು ಅಂಗಳದಿಂದಲೇ ಬಂದುದು. ದಿಲ್ಲಿಯ ರಾಜಘಾಟದ ಬಳಿ 1969ರಲ್ಲಿ ಗಾಂಧಿ ಶತಾಬ್ದಿಯ ಕಟ್ಟಡ ಕೆಲಸ ನಡೆಯುತ್ತಿದ್ದಾಗ, ಕಲ್ಲುಮಣ್ಣುಗಳ ನಡುವೆ ಬಿಸಿಲಲ್ಲಿ ಬಿದ್ದಿದ್ದ ಕೂಲಿಕಾರರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಎಂಬುವರು ಅಲ್ಲಿಯೇ ಒಂದು ಡೇರೆಯಲ್ಲಿ ಶಿಶುಪಾಲನೆಯನ್ನು ಆರಂಭಿಸಿದರು. ಅದೇ ಬೆಳೆದು 'ಮೊಬೈಲ್ ಕ್ರೆಷಸ್' ಎಂಬ ಸಂಸ್ಥೆಯಾಯಿತು. 1975ರ ಅಕ್ಟೋಬರ್ 2ರಂದು ಭಾರತ ಸರಕಾರವು 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲ ನೆಲೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. 2023ರಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ, ಶಿಶುಪಾಲನಾ ಕೇಂದ್ರಗಳು ಆರಂಭವಾದವು. ಅವುಗಳಿಗೆ ಇಟ್ಟ ಹೆಸರು 'ಕೂಸಿನ ಮನೆ'.

ಹೆಸರು ಬಹು ಸುಂದರವಾಗಿದೆ. ಆದರೆ ಗೋಡೆ, ಮಾಡು, ತೊಟ್ಟಿಲುಗಳಿಂದ ಮನೆ ಆಗುವುದಿಲ್ಲ. ಕೂಸು ಅದನ್ನು ಮನೆಯೆಂದು ತಿಳಿಯಬೇಕಾದರೆ ಅಲ್ಲಿ ಏನಿರಬೇಕು? ಇದೇ ವಿಚಾರಣೀಯ.

ಅಳುವಿನ ಅರ್ಥ

ಎರಡು ವರ್ಷದ ಕೂಸೊಂದನ್ನು ಮೊದಲ ದಿನ ಶಿಶುವಿಹಾರಕ್ಕೆ ಒಯ್ಯುವುದನ್ನು ಭಾವಿಸೋಣ. ಬಾಗಿಲ ಬಳಿ ಬಂದೊಡನೆ ಅದು ತಾಯಿಯ ಸೆರಗನ್ನು ಬಿಗಿಹಿಡಿಯುತ್ತದೆ, ಅಳುತ್ತದೆ, ಕಾಲು ಬಡಿಯುತ್ತದೆ. ಸುತ್ತಲಿನವರು ಹೇಳುವ ಮಾತು ಒಂದೇ: "ಎರಡು ದಿನ ಅಳತಾನ, ಆಮೇಲೆ ತಾನಾಗಿ ಸುಮ್ಮನಾಗತಾನ." ಆ ಮಾತು ಸುಳ್ಳಲ್ಲ, ಸುಮ್ಮನಾಗುವುದು ಉಂಟು. ಆದರೆ ಅಳು ನಿಂತಿತೆಂದ ಮಾತ್ರಕ್ಕೆ ಮಗು ನೆಮ್ಮದಿಯಾಯಿತೆಂದು ತಿಳಿಯಬಹುದೆ? ಈ ಪ್ರಶ್ನೆಯನ್ನು ಬಹಳ ಮಂದಿ ಕೇಳಿಕೊಳ್ಳುವುದೇ ಇಲ್ಲ.

ಇದನ್ನು ಕೂಲಂಕಷವಾಗಿ ಪರೀಕ್ಷಿಸಿದವರು ಇಂಗ್ಲೆಂಡಿನ ಜಾನ್ ಬೌಲ್ಬಿ ಎಂಬ ಮನೋವೈದ್ಯರು ಮತ್ತು ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್. ಬೌಲ್ಬಿಯವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ತಾಯಿಯ ಆರೈಕೆಯನ್ನೂ ಮಗುವಿನ ಮನಸ್ಸಿನ ಆರೋಗ್ಯವನ್ನೂ ಕುರಿತು ಒಂದು ಗ್ರಂಥವನ್ನು ಬರೆದುಕೊಟ್ಟರು. ಆಸ್ಪತ್ರೆಗಳಲ್ಲಿ ತಾಯಿಯನ್ನಗಲಿ ಇರಬೇಕಾಗಿದ್ದ ಎಳೆಯರನ್ನು ರಾಬರ್ಟ್‌ಸನ್ನರು ವರ್ಷಗಟ್ಟಲೆ ನೋಡಿ ಮೂರು ಅವಸ್ಥೆಗಳನ್ನು ಗುರುತಿಸಿದರು. ಮೊದಲನೆಯದು ಪ್ರತಿಭಟನೆ. ಮಗು ಅಳುತ್ತದೆ, ತಾಯಿಯನ್ನು ಕೂಗುತ್ತದೆ, ಬಾಗಿಲನ್ನೇ ನೋಡುತ್ತದೆ. ಎರಡನೆಯದು ನಿರಾಶೆ. ಕೂಗು ತಗ್ಗಿ, ಮೂಲೆಗೆ ಸೇರಿ, ಆಟವನ್ನೂ ಊಟವನ್ನೂ ಒಲ್ಲದೆ ಮಂಕಾಗುತ್ತದೆ. ಮೂರನೆಯದು ವೈಮುಖ್ಯ. ಮಗು ಮತ್ತೆ ಆಡುತ್ತದೆ, ಕೊಟ್ಟುದನ್ನು ತಿನ್ನುತ್ತದೆ, ಯಾರೊಡನೆಯಾದರೂ ನಗುತ್ತದೆ. ಆದರೆ ತಾಯಿ ಬಂದರೆ ಅವಳ ಕಡೆಗೆ ಓಡುವುದಿಲ್ಲ. ದಾದಿಯರು ಇದನ್ನು ಕಂಡು ಮಗು ಹೊಂದಿಕೊಂಡಿತೆಂದು ಸಂತೋಷಪಡುತ್ತಿದ್ದರು. ರಾಬರ್ಟ್‌ಸನ್ನರ ಅಭಿಪ್ರಾಯದಲ್ಲಿ ಅದು ಹೊಂದಿಕೆಯಲ್ಲ, ನೆಚ್ಚಿದ್ದು ಸಿಕ್ಕದೆಂದು ಮನಸ್ಸು ನೆಚ್ಚುವುದನ್ನೇ ಬಿಟ್ಟುದರ ಕುರುಹು. ಇದನ್ನು ವಿರಕ್ತಿಯೆಂದು ಕರೆಯುವಂತಿಲ್ಲ. ವಿರಕ್ತನು ತಿಳಿದು ಬಿಡುತ್ತಾನೆ. ಕೂಸಾದರೋ ಸೋತು ಬಿಡುತ್ತದೆ.

ರಾಬರ್ಟ್‌ಸನ್ ದಂಪತಿಗಳು ತಾವು ಕಂಡುದನ್ನು ಚಲನಚಿತ್ರಗಳಲ್ಲಿಯೂ ಹಿಡಿದಿಟ್ಟರು. ಅವುಗಳಲ್ಲಿ ಎರಡನ್ನು ಒಟ್ಟಿಗೆ ಇಟ್ಟು ನೋಡುವುದು ಯುಕ್ತ. ಜಾನ್ ಎಂಬ ಹುಡುಗನೂ ಜೇನ್ ಎಂಬ ಹುಡುಗಿಯೂ ಇಬ್ಬರೂ 17 ತಿಂಗಳ ಕೂಸುಗಳು. ಇಬ್ಬರ ತಾಯಂದಿರೂ ಹೆರಿಗೆಗಾಗಿ ಆಸ್ಪತ್ರೆಗೆ ಹೋಗಬೇಕಾಗಿತ್ತು. ಜಾನನು 9 ದಿನ ಶಿಶುನಿವಾಸವೊಂದರಲ್ಲಿ ಉಳಿದನು. ಅಲ್ಲಿನ ದಾದಿಯರು ಕೆಟ್ಟವರಲ್ಲ, ತರುಣಿಯರು, ನಗುಮುಖದವರು. ಆದರೆ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ದಾದಿಯೆಂಬ ಏರ್ಪಾಡು ಅಲ್ಲಿರಲಿಲ್ಲ. ಬೆಳಗ್ಗೆ ಎತ್ತಿಕೊಂಡವಳು ಮಧ್ಯಾಹ್ನ ಇರುತ್ತಿರಲಿಲ್ಲ, ಉಣಿಸಿದವಳು ಮಲಗಿಸುತ್ತಿರಲಿಲ್ಲ. ಜಾನನು ಒಬ್ಬಳ ಬಳಿಗೆ ಹೋದನು, ಅವಳು ಬೇರೆ ಕೆಲಸಕ್ಕೆ ಎದ್ದಳು. ಇನ್ನೊಬ್ಬಳ ಬಳಿಗೆ ಹೋದನು, ಅವಳೂ ಎದ್ದಳು. ಕಡೆಗೆ ಒಂದು ದೊಡ್ಡ ಬಟ್ಟೆಯ ಕರಡಿಯನ್ನು ಅಪ್ಪಿಕೊಂಡು ಅತ್ತನು. ಊಟವನ್ನು ಒಲ್ಲೆನೆಂದನು. 9ನೆಯ ದಿನ ತಾಯಿ ಬಂದಾಗ ಅವಳ ತೋಳಿಗೆ ಬಾರದೆ ಹೊರಳಾಡಿ ಅತ್ತನು.

ಜೇನಳು 10 ದಿನ ರಾಬರ್ಟ್‌ಸನ್ನರ ಮನೆಯಲ್ಲಿಯೇ ಇದ್ದಳು. ಅಗಲುವುದಕ್ಕೆ ಮೊದಲೇ ಎರಡು ಮನೆಯವರೂ ಕೂಡಿ ಪರಿಚಯ ಬೆಳೆಸಿದ್ದರು. ಏನು ಉಣ್ಣುತ್ತಾಳೆ, ಹೇಗೆ ಮಲಗುತ್ತಾಳೆ ಎಂಬುದನ್ನು ಸಾಕುವಾಕೆ ಕೇಳಿ ತಿಳಿದಿದ್ದಳು. ಹತ್ತು ದಿನವೂ ಆರೈಕೆ ಮಾಡಿದವಳು ಒಬ್ಬಳೇ. ತಾಯಿಯ ನೆನಪನ್ನು ಮಾತಿನಲ್ಲಿ ಉಳಿಸಿಕೊಟ್ಟರು. ಜೇನಳಿಗೂ ಸಂಕಟವಾಗದೆ ಇರಲಿಲ್ಲ. ಆದರೆ ಅವಳು ಮುರಿಯಲಿಲ್ಲ, ತಾಯಿಯನ್ನು ಕಂಡಾಗ ಗುರುತಿಸಿ ಒಲಿದು ಬಂದಳು.

ಅದೇ ವಯಸ್ಸು, ಹೆಚ್ಚುಕಡಿಮೆ ಅಷ್ಟೇ ದಿನಗಳ ಅಗಲಿಕೆ. ಭೇದವೆಲ್ಲಿ? ಹಾಸಿಗೆಯಲ್ಲಿಲ್ಲ, ಊಟದಲ್ಲಿಲ್ಲ, ಆಟಿಕೆಗಳಲ್ಲಿಲ್ಲ. ಒಬ್ಬರಿಗೆ ಗುರುತಿನ ಮಡಿಲೊಂದಿತ್ತು, ಇನ್ನೊಬ್ಬರಿಗೆ ಹಲವು ಮಡಿಲುಗಳಿದ್ದು ಒಂದೂ ಇರಲಿಲ್ಲ.

ದಿನವೂ ಸಂಜೆ ತಾಯಿಯ ಬಳಿಗೆ ಮರಳುವ ಮಗುವಿನ ಸ್ಥಿತಿ ಇಷ್ಟು ಕಠಿಣವಲ್ಲವೆಂಬುದು ನಿಜ. ಕೆಲವು ಗಂಟೆಗಳ ಅಗಲಿಕೆ ಬೇರೆ, ಹಗಲಿರುಳಿನ ಅಗಲಿಕೆ ಬೇರೆ. ಆದುದರಿಂದ ಮಗುವನ್ನು ಅಂಗನವಾಡಿಗೆ ಕಳುಹಿಸಿದ ತಾಯಿ ತಾನು ಪಾಪ ಮಾಡಿದೆನೆಂದು ಕೊರಗಬೇಕಾಗಿಲ್ಲ. ಆದರೆ ಎರಡೂ ಕಡೆಗಳಲ್ಲಿ ಕೂಸು ಅರಸುವುದು ಒಂದನ್ನೇ.

ಕೊಂಡು ತಂದ ಮೌನ

ಮಗುವನ್ನು ಸುಮ್ಮನಿರಿಸುವುದೇ ಪಾಲನೆಯೆಂದು ತಿಳಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ದುಃಖದ ಸಾಕ್ಷ್ಯವಿದೆ. ಕಳೆದ ಶತಮಾನದ ಆರಂಭದಲ್ಲಿ ಮುಂಬಯಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ತಾಯಂದಿರು ಕೂಸುಗಳಿಗೆ 'ಬಾಲಗೋಲಿ' ಎಂಬ ಅಫೀಮಿನ ಗುಳಿಗೆಯನ್ನು ಕೊಟ್ಟು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಅವರು ಕ್ರೂರಿಗಳಲ್ಲ. ನೋಡಿಕೊಳ್ಳುವವರಿಲ್ಲದೆ ಹಾಗೆ ಮಾಡಿದವರು. ಕೂಸು ಅಳುತ್ತಿರಲಿಲ್ಲ. ಅದರೊಡನೆ ಹಾಲು ಕುಡಿಯುವುದನ್ನೂ ಮರೆತು ಬಡವಾಗುತ್ತಿತ್ತು. ಮುಂದೆ 1948ರ ಕಾರ್ಖಾನೆ ಕಾಯಿದೆಯು ಹೆಚ್ಚು ಹೆಂಗಸರು ದುಡಿಯುವ ಕಡೆ ಕೂಸುಗಳಿಗಾಗಿ ಕೊಠಡಿಯಿರತಕ್ಕದ್ದೆಂದು ವಿಧಿಸಿತು. 2017ರ ಹೆರಿಗೆ ಸೌಲಭ್ಯದ ತಿದ್ದುಪಡಿಯು 50 ಮಂದಿ ನೌಕರರಿರುವ ಕಡೆಯೆಲ್ಲ ಶಿಶುಪಾಲನೆಯ ಏರ್ಪಾಡನ್ನು ಕಡ್ಡಾಯಗೊಳಿಸಿ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ಕಾಣಬಹುದೆಂದಿತು. ಕಾಣುವ ಈ ಹಕ್ಕು ಸಣ್ಣದಲ್ಲ. ಹಾಲೂಡುವುದರ ಜೊತೆಗೆ "ಅವ್ವ ಎಲ್ಲಿಯೂ ಹೋಗಿಲ್ಲ" ಎಂಬ ಅಭಯವನ್ನು ಅದು ಕೂಸಿಗೆ ಕೊಡುತ್ತದೆ.

ಅಫೀಮು ಹೋಯಿತು. ಆದರೆ ಮೌನವನ್ನು ಕೊಳ್ಳುವ ಬೇರೆ ಬಗೆಗಳು ಉಳಿದಿವೆ. ಮಲಗಲೆಂದು ಕೆಮ್ಮಿನ ಔಷಧವನ್ನು ಕುಡಿಸುವುದು, ಗುಮ್ಮನನ್ನು ಕರೆಯುವುದು, ಕತ್ತಲೆಯ ಕೋಣೆಯಲ್ಲಿ ಕೂಡುವುದು, ಮೊಬೈಲನ್ನು ಮುಖದ ಮುಂದೆ ಹಿಡಿದು ಗಂಟೆಗಟ್ಟಲೆ ಕೂರಿಸುವುದು, ಇವೆಲ್ಲ ಅದೇ ಜಾತಿಗೆ ಸೇರಿದುವು. ಅಳುವ ಕೂಸನ್ನು ಸಿಟ್ಟಿನಿಂದ ಹಿಡಿದು ಕುಲುಕುವುದಂತೂ ಅತಿ ಭಯಂಕರ. ಎಳೆಯ ಕತ್ತಿಗೆ ತಲೆಯ ಭಾರವನ್ನು ತಡೆಯುವ ಶಕ್ತಿಯಿಲ್ಲದುದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಎರವಾಗಬಹುದು.

ಒಬ್ಬರು ತನ್ನವರು

ಪರಿಹಾರವೇನು? ಶಿಶುವಿಹಾರದಲ್ಲಿ ಪ್ರತಿಯೊಂದು ಕೂಸಿಗೂ ತನ್ನವರೆಂದು ಒಬ್ಬರಿರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬುವರು ಮನೆಮಠಗಳನ್ನು ಕಳೆದುಕೊಂಡ ಕುಟುಂಬಗಳ ಮಕ್ಕಳಿಗಾಗಿ ಶಿಶುನಿವಾಸಗಳನ್ನು ನಡೆಯಿಸಿದರು. ಮೊದಲು ಎಲ್ಲ ದಾದಿಯರೂ ಎಲ್ಲ ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದರು. ಆಮೇಲೆ ನಾಲ್ಕಾರು ಮಕ್ಕಳನ್ನು ಕೂಡಿಸಿ ಒಂದೊಂದು ಚಿಕ್ಕ ಸಂಸಾರವನ್ನಾಗಿ ಮಾಡಿ, ಒಂದೊಂದಕ್ಕೆ ಒಬ್ಬ ದಾದಿಯನ್ನು ತಾಯಿಯಂತೆ ನಿಯಮಿಸಿದರು. ಆಗ ಆದುದೇನು? ಮೊದಮೊದಲು ಅಳು ಹೆಚ್ಚಿತು! ತನ್ನ ದಾದಿ ಬಾಗಿಲು ದಾಟಿದರೆ ಮಗು ಅತ್ತಿತು, ಮತ್ತೊಂದು ಮಗುವನ್ನು ಅವಳೆತ್ತಿಕೊಂಡರೆ ಮುನಿಯಿತು. ಹೊರಗಿನವರಿಗೆ ಇದು ಕೇಡೆಂದು ತೋರಬಹುದು. ಆದರೆ ಕೆಲ ಕಾಲದೊಳಗೆ ಆ ಮಕ್ಕಳ ಮಾತು ಚಿಗುರಿತು, ಒಳ್ಳೆಯ ಅಭ್ಯಾಸಗಳು ಮೂಡಿದವು. ಕಳೆದುಕೊಳ್ಳುವ ಭಯ ಹುಟ್ಟಿದ್ದು ತಮ್ಮದೆಂಬುದೊಂದು ದೊರೆತುದರಿಂದ. ಅಳಲಾರದ ಮಗುವಿಗಿಂತ, ಅತ್ತು ಒಬ್ಬರ ಕೈಯಲ್ಲಿ ಸಮಾಧಾನ ಹೊಂದಬಲ್ಲ ಮಗು ಮೇಲಿನ ಸ್ಥಿತಿಯಲ್ಲಿರುತ್ತದೆ.

ಹಂಗೆರಿ ದೇಶದ ಬುಡಾಪೆಸ್ಟ್ ನಗರದಲ್ಲಿ 1946ರಲ್ಲಿ ಎಮ್ಮಿ ಪಿಕ್ಲರ್ ಎಂಬ ಮಕ್ಕಳ ವೈದ್ಯೆಯು ಅನಾಥ ಶಿಶುಗಳಿಗಾಗಿ ಒಂದು ಮನೆಯನ್ನು ತೆರೆದಳು. ಸ್ನಾನ, ಊಟ, ಬಟ್ಟೆ ತೊಡಿಸುವಿಕೆ ಇವುಗಳನ್ನು ಬೇಗ ಮುಗಿಸತಕ್ಕ ಕೆಲಸಗಳೆಂದು ಆಕೆ ಎಣಿಸಲಿಲ್ಲ. ಕೂಸು ಮತ್ತು ಆರೈಕೆಗಾರ್ತಿ ಒಬ್ಬರನ್ನೊಬ್ಬರು ಅರಿಯುವ ಮುಹೂರ್ತಗಳೆಂದೇ ಅವುಗಳನ್ನು ಕಂಡಳು. ಎತ್ತುವ ಮೊದಲು "ಈಗ ಎತ್ತಿಕೊಳ್ಳುತ್ತೇನೆ" ಎಂದು ಹೇಳಿ ಕೈ ಚಾಚಬೇಕು. ತೋಳನ್ನು ಜಗ್ಗಿ ಅಂಗಿ ತೊಡಿಸಬಾರದು, ಕೂಸು ತಾನಾಗಿ ಕೈ ನೀಡುವವರೆಗೆ ಕಾಯಬೇಕು. ನಮ್ಮ ಅಜ್ಜಿಯರು ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಹಾಡುತ್ತ ಮಾತಾಡುತ್ತ ನೀರೆರೆಯುತ್ತಿದ್ದುದರಲ್ಲಿ ಇದೇ ತಿಳಿವಿತ್ತು.

ಗುರುತಿನ ಮಡಿಲು ಮನಸ್ಸಿಗೆ ಮಾತ್ರ ಆಸರೆಯಲ್ಲ, ಮೈಗೂ ಅದೇ ಕಾವಲು. ಕೂಸನ್ನು ಬಲ್ಲವಳಿಗೆ ಅದು ಇಂದು ಎಂದಿನಂತಿಲ್ಲವೆಂಬುದು ಜ್ವರ ಏರುವ ಮೊದಲೇ ತಿಳಿಯುತ್ತದೆ. ಯಾವುದು ಮಣ್ಣು ತಿನ್ನುತ್ತದೆ, ಯಾವುದು ಕಿಟಕಿ ಹತ್ತುತ್ತದೆ, ಯಾವುದಕ್ಕೆ ನೆಲಗಡಲೆ ಒಗ್ಗದು ಎಂಬುದನ್ನು ಅವಳು ಬಲ್ಲಳು. ತನ್ನ ಪಾಲಿನ ಮಕ್ಕಳಲ್ಲಿ ಒಂದು ಕಣ್ಣಿಗೆ ಕಾಣದಿದ್ದರೆ ಅವಳ ಎದೆ ಕೂಡಲೇ ಹಾರುತ್ತದೆ. ಎಲ್ಲರ ಹೊಣೆಯೂ ಎಲ್ಲರದೆಂದಾದರೆ, ಬಚ್ಚಲಿಗೆ ತೆವಳಿದ ಕೂಸನ್ನು ಇನ್ನೊಬ್ಬರು ನೋಡುತ್ತಿರಬಹುದೆಂದು ಎಲ್ಲರೂ ತಿಳಿಯುತ್ತಾರೆ. ಬೆಜ್ಜಮಹಾದೇವಿಯ ಮುಗ್ಧವಾದ ತರ್ಕ ಇಲ್ಲಿ ಸತ್ಯವಾಗುತ್ತದೆ.

ತಂದೆತಾಯಂದಿರು ಮಾಡತಕ್ಕದ್ದು

ಮೊದಲನೆಯದಾಗಿ, ಕೂಸನ್ನು ಆಟದಲ್ಲಿ ತೊಡಗಿಸಿ ಹಿಂಬಾಗಿಲಿನಿಂದ ಕದ್ದು ಹೋಗಬಾರದು. ಆ ಕ್ಷಣಕ್ಕೆ ಅಳು ತಪ್ಪುತ್ತದೆ. ಆದರೆ ಕಣ್ಣು ತಪ್ಪಿದರೆ ಅವ್ವ ಮಾಯವಾಗುತ್ತಾಳೆಂಬ ಪಾಠವನ್ನು ಕೂಸು ಕಲಿಯುತ್ತದೆ. ಮರುದಿನದಿಂದ ಅದು ಅವಳನ್ನು ಅರೆಗಳಿಗೆಯೂ ಬಿಡದು. ಹೇಳಿಯೇ ಹೋಗಬೇಕು. ಎರಡು ವರ್ಷದ ಕೂಸಿಗೆ ಗಡಿಯಾರದ ಗಂಟೆ ತಿಳಿಯದು. ಆದುದರಿಂದ ಅದಕ್ಕೆ ತಿಳಿಯುವ ಕಾಲಮಾನದಲ್ಲಿ ಹೇಳಬೇಕು: "ನೀನು ಉಂಡು ಮಲಗಿ ಏಳು, ಅಷ್ಟರಾಗ ನಾ ಬರತೀನಿ." ಹೇಳಿದ ಮೇಲೆ ಬರಲೇಬೇಕು. ಕೂಸಿಗೆ ಕೊಟ್ಟ ಮಾತನ್ನು ಸಾಲಗಾರನಿಗೆ ಕೊಟ್ಟ ಮಾತಿಗಿಂತ ಹೆಚ್ಚಾಗಿ ಕಾಯಬೇಕು. ನಡೆನುಡಿಗಳು ಒಂದಾಗಿರುವುದೆಂದರೇನೆಂದು ಮಗು ಮೊದಲು ಕಲಿಯುವುದು ಇಲ್ಲಿಯೇ.

ಎರಡನೆಯದಾಗಿ, ಮೊದಲ ದಿನವೇ ಇಡೀ ದಿನ ಬಿಡಬಾರದು. ಮೊದಲೆರಡು ದಿನ ತಾಯಿ ಅಥವಾ ಅಜ್ಜಿ ಜೊತೆಯಲ್ಲಿ ಕುಳಿತಿರಬೇಕು. ಆಮೇಲೆ ಅರ್ಧ ಗಂಟೆ, ಒಂದು ಗಂಟೆ, ಒಂದು ಹೊತ್ತು, ಹೀಗೆ ಬೆಳೆಸಬೇಕು. ನಾಟಿಯ ಸಸಿಯನ್ನು ಕೀಳುವಾಗ ರೈತನು ಬೇರಿನ ಮಣ್ಣನ್ನು ಕೊಡಹುವುದಿಲ್ಲ. ತಾಯಿಯ ಹಳೆಯ ಸೀರೆಯ ತುಂಡೊಂದೋ ಮನೆಯ ಕೌದಿಯೋ ಜೊತೆಗಿದ್ದರೆ ಅದೇ ಬೇರಿನ ಮಣ್ಣು.

ಮೂರನೆಯದಾಗಿ, ಶಿಶುವಿಹಾರವನ್ನು ಬೆದರಿಕೆಯಾಗಿ ಬಳಸಬಾರದು. "ಹಟ ಮಾಡಿದರ ಅಕ್ಕೋರ ಕಡೆ ಬಿಟ್ಟು ಬರತೀನಿ" ಎಂದ ತಾಯಿ, ಮಗುವಿಗೆ ಆಸರೆಯಾಗಬೇಕಾದವಳನ್ನೇ ಗುಮ್ಮನನ್ನಾಗಿ ಮಾಡಿದಂತಾಯಿತು. ಸಂಜೆ ಕರೆತರುವಾಗ ಆರೈಕೆಗಾರ್ತಿಯೊಡನೆ ಎರಡು ಮಾತು ಆಡಬೇಕು. ಉಂಡಿತೆ, ಮಲಗಿತೆ, ಯಾರೊಡನೆ ಆಡಿತು ಎಂದು ಕೇಳಬೇಕು. ಇವರಿಬ್ಬರೂ ಒಬ್ಬರನ್ನೊಬ್ಬರು ನಂಬಿದ್ದಾರೆಂಬುದನ್ನು ಕೂಸು ಅವರ ಮುಖದಲ್ಲಿಯೇ ಓದುತ್ತದೆ.

ತಂದೆಯ ಕರ್ತವ್ಯವೂ ಕಡಿಮೆಯದಲ್ಲ. ಕೂಸನ್ನು ಬಿಡುವುದು, ತರುವುದು ತಾಯಿಯ ಪಾಲಿಗೆ ಮಾತ್ರ ಎಂಬ ಭಾವನೆ ಹೋಗಬೇಕು.

ಆರೈಕೆ ಮಾಡುವವರು ನೆನೆಯತಕ್ಕದ್ದು

ಬೆಳಗ್ಗೆ ಬಾಗಿಲಲ್ಲಿ ಪ್ರತಿಯೊಂದು ಕೂಸನ್ನೂ ಹೆಸರು ಹಿಡಿದು ಕರೆದು ಬರಮಾಡಿಕೊಳ್ಳಬೇಕು. ಅಳುವ ಕೂಸಿಗೆ "ಗಂಡುಮಗ ಅಳ್ತಾನೇನು?" ಎಂದು ನಾಚಿಸದೆ, "ಅವ್ವನ ನೆನಪಾಯಿತೇನು? ಬಾ" ಎಂದು ಹತ್ತಿರ ಕರೆಯಬೇಕು. ಉಚ್ಚೆ ಹೊಯ್ದುಕೊಂಡ ಮಗುವನ್ನು ಇತರರ ಮುಂದೆ ಹೀಯಾಳಿಸಬಾರದು. ಒಲ್ಲದ ಬಾಯಿಗೆ ತುತ್ತನ್ನು ತುರುಕಬಾರದು. ಮಲಗಲೊಲ್ಲದ ಮಗುವನ್ನು ಹೊಡೆದು ಮಲಗಿಸಬಾರದು. ಸದಾ ಮೂಲೆಯಲ್ಲಿ ಮೌನವಾಗಿ ಕುಳಿತು ತೊಂದರೆ ಕೊಡದ ಮಗುವನ್ನು ಜಾಣನೆಂದು ಹೊಗಳಿ ಬಿಟ್ಟುಬಿಡದೆ, ಮೊದಲು ಅದರ ಬಳಿಗೇ ಹೋಗಿ ಕುಳಿತುಕೊಳ್ಳಬೇಕು.

ಮೈಯ ರಕ್ಷಣೆಯಲ್ಲಿ ಕೆಲವು ಸಂಗತಿಗಳು ಸದಾ ನೆನಪಿನಲ್ಲಿರತಕ್ಕವು. ಬಕೆಟ್ಟಿನಲ್ಲಿ ಗೇಣು ನೀರಿದ್ದರೂ ಬಗ್ಗಿದ ಕೂಸಿಗೆ ಅದೇ ಕೆರೆ. ಬಳಸಿದ ಮೇಲೆ ಬರಿದುಮಾಡಿ ಬೋರಲು ಹಾಕಬೇಕು. ಇಡಿಯ ಶೇಂಗಾಬೀಜ, ಕಡಲೆಕಾಳು, ಹುಣಸೆಬೀಜ, ಗುಂಡಿ, ನಾಣ್ಯ ಇವು ಉಸಿರಿನ ನಾಳಕ್ಕೆ ಸಿಕ್ಕುತ್ತವೆ. ಸೀಮೆಎಣ್ಣೆ, ಫಿನಾಯಿಲುಗಳನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು. ಕುದಿಯುವ ಸಾರಿನ ಪಾತ್ರೆಯನ್ನು ಮಕ್ಕಳು ಕೂರುವ ಕೋಣೆಯ ನೆಲದ ಮೇಲೆ ಇರಿಸಬಾರದು. ಒಂದು ವರ್ಷದೊಳಗಿನ ಶಿಶುವನ್ನು ಅಂಗಾತವಾಗಿಯೇ ಮಲಗಿಸಬೇಕು, ಮುಖದ ಬಳಿ ಮೆತ್ತನೆಯ ದಿಂಬುಗಳಿರಬಾರದು. ಕರೆದೊಯ್ಯಲು ಯಾರು ಬರುತ್ತಾರೆಂಬುದನ್ನು ತಂದೆತಾಯಂದಿರು ಮೊದಲೇ ತಿಳಿಸಿರಬೇಕು. ಹೇಳದವರು ಬಂದರೆ, ಬಂಧುವೇ ಆಗಿರಲಿ, ಕೂಸನ್ನು ಒಪ್ಪಿಸಕೂಡದು.

ಬಾಯಿಬಿಟ್ಟು ಹೇಳಲು ಸಂಕೋಚಪಡುವ ಇನ್ನೊಂದು ಕೇಡಿದೆ. ಮಕ್ಕಳ ಮೈಯನ್ನು ಕೆಟ್ಟ ಬುದ್ಧಿಯಿಂದ ಮುಟ್ಟುವವರು ಉಂಟು. ಅಂತಹವರು ಬಹುಮಟ್ಟಿಗೆ ಅಪರಿಚಿತರಲ್ಲ, ಮಗುವಿಗೂ ಮನೆಯವರಿಗೂ ಗುರುತಿದ್ದವರೇ. ಆದುದರಿಂದ ಗುರುತಿನ ಮಡಿಲು ಬೇಕೆಂದು ಹೇಳುವಾಗಲೇ, ಆ ಮಡಿಲು ನಾಲ್ಕು ಜನರ ಕಣ್ಣಿಗೆ ಕಾಣುವಂತಿರಬೇಕೆಂದೂ ಹೇಳಬೇಕು. ಶಿಶುವಿಹಾರದಲ್ಲಿ ಮುಚ್ಚಿದ ಕೋಣೆ ಇರಬಾರದು. ತಂದೆತಾಯಂದಿರು ಯಾವ ಹೊತ್ತಿಗೆ ಬಂದರೂ ಬಾಗಿಲು ತೆರೆದಿರಬೇಕು. ಒಬ್ಬನನ್ನು ಕಂಡರೆ ಮಗು ಏಕಾಏಕಿ ಬೆಚ್ಚಿದರೆ, ನೋವೆಂದರೆ, ಕಲಿತ ಅಭ್ಯಾಸಗಳನ್ನು ಮರೆತು ಹಿಂದಕ್ಕೆ ಜಾರಿದರೆ, ಗದರಿಸದೆ ಕೇಳಬೇಕು, ಹೇಳಿದುದನ್ನು ನಂಬಬೇಕು. 2012ರ ಪೋಕ್ಸೋ ಕಾಯಿದೆಯಂತೆ ಇಂತಹ ಸಂಶಯ ಬಂದವರು ಪೊಲೀಸರಿಗೆ ತಿಳಿಸಲೇಬೇಕು, ಮಗುವಿನ ಗುರುತನ್ನು ಬಯಲುಮಾಡಕೂಡದು. ಆಪತ್ತಿನಲ್ಲಿರುವ ಮಕ್ಕಳಿಗಾಗಿ 1098 ಎಂಬ ದೂರವಾಣಿಯಿದೆ. ಮನೆತನದ ಮಾನ ಹೋಗುವುದೆಂದು ಮುಚ್ಚಿಡುವುದು ಕೂಸಿಗೆ ಎರಡನೆಯ ಸಲ ಮಾಡಿದ ದ್ರೋಹ.

ಶಂಕೆ ಮತ್ತು ಸಮಾಧಾನ

ಇಲ್ಲಿ ಕೆಲವು ಶಂಕೆಗಳು ಹುಟ್ಟಬಹುದು. ಇಪ್ಪತ್ತೈದು ಮಕ್ಕಳಿಗೆ ಇಬ್ಬರೇ ಇರುವ ಕಡೆ ಒಂದೊಂದು ಕೂಸಿಗೆ ಒಬ್ಬರೆಂಬುದು ಸಾಧ್ಯವೆ? ಸಮಾಧಾನವೇನೆಂದರೆ, ಒಬ್ಬರಿಗೆ ಒಂದೇ ಕೂಸು ಎಂದು ಇದರ ತಾತ್ಪರ್ಯವಲ್ಲ. ಒಂದು ಕೂಸಿಗೆ ಒಬ್ಬರು ಮುಖ್ಯರು ಎಂದು ತಾತ್ಪರ್ಯ. ಕಾರ್ಯಕರ್ತೆಯೂ ಸಹಾಯಕಿಯೂ ಮಕ್ಕಳನ್ನು ಹಂಚಿಕೊಂಡು, ತನ್ನ ಪಾಲಿನ ಕೂಸನ್ನು ಬೆಳಗ್ಗೆ ತಾನೇ ಬರಮಾಡಿಕೊಂಡು, ತಾನೇ ಉಣಿಸಿ, ಸಂಜೆ ತಾನೇ ಒಪ್ಪಿಸಿದರೆ ಅಷ್ಟರಲ್ಲಿಯೇ ದೊಡ್ಡ ಭೇದವಾಗುತ್ತದೆ. ಆದರೂ ಮೂರು ವರ್ಷದೊಳಗಿನವರು ಹೆಚ್ಚಿದ್ದರೆ ಕೈಗಳೂ ಹೆಚ್ಚಲೇಬೇಕು. ಅದಕ್ಕೆ ಬೇರೆ ದಾರಿಯಿಲ್ಲ.

ಹಾಗಾದರೆ ಕೂಸು ಆರೈಕೆಗಾರ್ತಿಯನ್ನೇ ಹಚ್ಚಿಕೊಂಡು ಹೆತ್ತವಳನ್ನು ಮರೆಯದೆ? ಮರೆಯದು. ಅಜ್ಜಿಯನ್ನು ಹಚ್ಚಿಕೊಂಡ ಮೊಮ್ಮಕ್ಕಳು ತಾಯಿಯನ್ನು ಮರೆತುದುಂಟೆ? ಒಲುಮೆ ಕಣಜದ ಕಾಳಲ್ಲ, ಹಂಚಿದಷ್ಟೂ ಬರಿದಾಗುವುದಕ್ಕೆ. ಒಬ್ಬರನ್ನು ನಂಬಲು ಕಲಿತ ಕೂಸು ಇನ್ನೊಬ್ಬರನ್ನೂ ನಂಬಬಲ್ಲುದು.

ಅತ್ತಾಗಲೆಲ್ಲ ಎತ್ತಿಕೊಂಡರೆ ಮಗು ಅಂಜುಬುರುಕನಾಗದೆ? ಇದು ತಿರುವುಮುರುವಾದ ಎಣಿಕೆ. ಅಂಗಳದಲ್ಲಿ ಆಡುವ ಮಗುವನ್ನು ಗಮನಿಸಿರಿ. ಕಟ್ಟೆಯ ಮೇಲೆ ತಾಯಿ ಕುಳಿತಿದ್ದರೆ ಅದು ಬಾವಿಕಟ್ಟೆಯವರೆಗೂ, ಬೀದಿಯವರೆಗೂ ಧೈರ್ಯವಾಗಿ ಹೋಗುತ್ತದೆ, ನಡುನಡುವೆ ಹಿಂದಿರುಗಿ ನೋಡುತ್ತದೆ, ಮತ್ತೆ ಮುಂದೆ ಹೋಗುತ್ತದೆ. ತಾಯಿ ಎದ್ದು ಹೋದಳೆಂದರೆ ಆಟ ನಿಲ್ಲುತ್ತದೆ. ಬೌಲ್ಬಿಯವರ ಜೊತೆಗಾರ್ತಿ ಮೇರಿ ಐನ್ಸ್‌ವರ್ತ್ ಇದನ್ನು ಆಫ್ರಿಕದ ಉಗಾಂಡಾ ದೇಶದ ಹಳ್ಳಿಗಳಲ್ಲಿಯೂ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿಯೂ ನೋಡಿ, ತಾಯಿಯು ಕೂಸು ಹೊರಟು ಮರಳುವ ನೆಲೆಯೆಂದು ನಿರೂಪಿಸಿದಳು. ಧೈರ್ಯಕ್ಕೆ ತಾಯಿಬೇರು ಅಭಯ.

ಊರಿನ ಹೊಣೆ

ಕಡೆಯದಾಗಿ ಗೃಹಸ್ಥರೆಲ್ಲರೂ ಯೋಚಿಸತಕ್ಕ ಮಾತೊಂದಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ ಎಂದು ಶರಣರ ಹೆಸರುಗಳೊಡನೆ ಅವರ ಕಾಯಕವೂ ಗೌರವದಿಂದ ನಿಂತಿದೆ. ಆದರೆ ಇಂದು ಕೂಸಿನ ಮೂಗು ಒರೆಸುವವಳ, ಬಟ್ಟೆ ಬದಲಿಸುವವಳ, ತುತ್ತು ಮಾಡಿ ಉಣಿಸುವವಳ ಕಾಯಕಕ್ಕೆ ಊರಿನಲ್ಲಿ ಯಾವ ಗೌರವ ದೊರೆಯುತ್ತಿದೆ? "ಮಕ್ಕಳನ್ನು ಹಿಡಿದುಕೊಂಡು ಕೂರುವ ಕೆಲಸ" ಎಂದು ಹಗುರಾಗಿ ಆಡುವವರೇ ಹೆಚ್ಚು. ಕೂಲಿ ಅಲ್ಪವಾದರೆ, ಅದೂ ಹೊತ್ತಿಗೆ ಬಾರದಿದ್ದರೆ, ಅವಳು ಬೇರೆ ಕೆಲಸ ಹುಡುಕಿ ಹೋಗುತ್ತಾಳೆ. ಅವಳು ಹೋದ ಮರುದಿನ ಹತ್ತಾರು ಕೂಸುಗಳು ತಮ್ಮ ಗುರುತಿನ ಮಡಿಲನ್ನು ಕಳೆದುಕೊಳ್ಳುತ್ತವೆ. ಹೊಸಬಳು ಬರುತ್ತಾಳೆ, ಅವಳೂ ಹೋಗುತ್ತಾಳೆ. ಆಗ ನಮ್ಮ ಊರಿನ ಕೂಸುಗಳಿಗೂ ಜಾನನ ಗತಿಯೇ ಬರುತ್ತದೆ. ಆದುದರಿಂದ ಆರೈಕೆಗಾರ್ತಿಯ ಸಂಬಳವನ್ನು ಕುರಿತ ಮಾತು ಕೂಸಿನ ನೆಮ್ಮದಿಯನ್ನು ಕುರಿತ ಮಾತೇ ಆಗಿದೆ. ಪಂಚಾಯತಿಯ ಸಭೆಯಲ್ಲಿ ಚರಂಡಿ, ಬೀದಿದೀಪಗಳನ್ನು ಕೇಳುವ ಹಿರಿಯರು, ಕೂಸಿನ ಮನೆಯ ಬಾಗಿಲಿಗೆ ಅಗಳಿಯಿದೆಯೆ, ಬಾವಿಗೆ ಮುಚ್ಚಳವಿದೆಯೆ, ಅಲ್ಲಿ ದುಡಿಯುವ ಹೆಣ್ಣುಮಗಳಿಗೆ ಸಂಬಳ ಮುಟ್ಟಿದೆಯೆ ಎಂಬುದನ್ನೂ ಕೇಳಬೇಕು. ಬಿಡುವಿರುವ ಅಜ್ಜಿಯರು ವಾರಕ್ಕೊಂದು ಹೊತ್ತು, ಅಲ್ಲಿನವರೆದುರಿಗೇ, ಕುಳಿತು ಕಥೆ ಹೇಳಿ ಬಂದರೂ ಸಾಕು.

ದಾಸೋಹವೆಂದರೆ ಅನ್ನವನ್ನು ನೀಡುವುದಷ್ಟೇ ಅಲ್ಲ, ನೀಡುವ ಕೈಯಲ್ಲಿ ಆದರವಿರಬೇಕೆಂದು ಹಿರಿಯರು ತಿಳಿಸಿದ್ದಾರೆ. ಕೂಸಿನ ಪಾಲಿಗೂ ಹಾಗೆಯೇ. ತುತ್ತು, ತೊಟ್ಟಿಲು, ಸೂರು ಇವೆಲ್ಲವನ್ನೂ ಸರಕಾರವೂ ಊರೂ ಕೊಡಬಹುದು. ಅಭಯವನ್ನು ಮಾತ್ರ ಒಬ್ಬ ಮನುಷ್ಯನೇ ಇನ್ನೊಬ್ಬನಿಗೆ ಕೊಡಬೇಕು. ನಾಳೆ ಬೆಳಗ್ಗೆ ಶಿಶುವಿಹಾರದ ಬಾಗಿಲಲ್ಲಿ ಕೂಸನ್ನು ಇಳಿಸುವ ಪ್ರತಿಯೊಬ್ಬ ತಂದೆತಾಯಿಯೂ ತಮ್ಮನ್ನು ತಾವು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದು ಬಿದ್ದರೆ ಅಳುತ್ತ ಓಡಿಹೋಗುವುದು ಯಾರ ಬಳಿಗೆ? ಆ ಹೆಸರು ಕೂಡಲೇ ಬಾಯಿಗೆ ಬಂದರೆ ಕೂಸು ಕ್ಷೇಮದಲ್ಲಿದೆ. ಬಾರದಿದ್ದರೆ ಒಳಗೆ ಹೋಗಿ, ಕುಳಿತು, ಆ ಹೆಸರನ್ನು ಕಂಡುಕೊಂಡು ಬರುವುದು ಅಂದಿನ ಮೊದಲ ಕಾಯಕವಾಗಲಿ.